ಹನ್ನೊಂದು ದಿನ ಹಳೆಯ ನಕಲು

ಆ ಮನೆಯ ಐದು ಜನ ಮೇಲಂತಸ್ತಿನ ಎರಡು ಕೋಣೆ, ಒಂದು ಅಡುಗೆಮನೆಯಲ್ಲಿ ಸಂಸಾರ ಮಾಡಿಕೊಂಡಿದ್ದರು. ಕೆಳಗಿನ ಅಂತಸ್ತು ಪೂರ್ತಿ ಯಂತ್ರಗಳದ್ದು. ಏಸಿ ಇದ್ದದ್ದೂ ಅವಕ್ಕೇ. ಸೆಕೆ ಹೆಚ್ಚಾದಾಗ ತಾಯಿ ಮೆಟ್ಟಿಲಿಳಿದು ಹೋಗಿ, ಸರ್ವರ್ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಈ ಮನೆಯಲ್ಲಿ ತಂಪಾಗಿ ಬದುಕಬೇಕಾದರೆ ಡಬ್ಬಿಯಾಗಿ ಹುಟ್ಟಬೇಕು ಎಂದು ಗೊಣಗುತ್ತಿದ್ದಳು.

ಅಣ್ಣ ಹದಿನೈದು ವರ್ಷದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಬಿಟ್ಟು ಈ ಕೆಲಸ ಹಿಡಿದವನು. ಸ್ವಂತ ಸರ್ವರ್ ಇಟ್ಟುಕೊಳ್ಳಲಾಗದ ಸಣ್ಣ ಕಂಪನಿಗಳು, ಕ್ಲಿನಿಕ್ಕುಗಳು, ಗೋದಾಮುಗಳು ತಮ್ಮ ದಾಖಲೆಗಳನ್ನೆಲ್ಲ ಇವನ ಹತ್ತಿರ ಇಟ್ಟು ತಿಂಗಳಿಗಿಷ್ಟು ಅಂತ ಕೊಡುತ್ತಿದ್ದವು. ಮೊದಮೊದಲು ಗಿರಾಕಿಗೊಂದು ಯಂತ್ರ ಬೇಕಾಗುತ್ತಿತ್ತು. ಆಮೇಲೆ ತಮ್ಮ ಕಾಲೇಜು ಮುಗಿಸಿ ವರ್ಚುವಲೈಸೇಷನ್ ಕಲಿತುಕೊಂಡ. ಒಂದು ದೊಡ್ಡ ಯಂತ್ರದೊಳಗೆ ಬರೀ ಸಾಫ್ಟ್‌ವೇರಿನಿಂದಲೇ ಇಪ್ಪತ್ತು ಬೇರೆಬೇರೆ ಯಂತ್ರಗಳನ್ನು ಮಾಡಿ ಕೂರಿಸುವ ವಿದ್ಯೆ ಅದು. ಈಗ ಮೂರೇ ಯಂತ್ರಗಳಲ್ಲಿ ಐವತ್ತೆಂಟು ಗಿರಾಕಿಗಳು ಹಿಡಿಸಿದ್ದರು.

ಗಿರಾಕಿಗಳ ಮನೆಬಾಗಿಲಿಗೆ ಹೋಗಿ ಮಾತಾಡುವುದು ಅಣ್ಣನ ಕೆಲಸ. ಯಂತ್ರದ ಒಳಗಿನದೆಲ್ಲ ತಮ್ಮನದು. ಬೆಳಗ್ಗೆಯಿಂದ ಸಂಜೆಯವರೆಗೆ ಫೋನೆತ್ತಿ ಬೈಗುಳ ಕೇಳುವುದು ಅತ್ತಿಗೆಯ ಪಾಲು. ಅಣ್ಣನ ಮಗಳು ಪುಟ್ಟಿಗೆ ಹತ್ತೊಂಬತ್ತು; ಕಾಲೇಜಿಲ್ಲದ ದಿನ ಬಿಲ್ಲು ಬರೆಯುತ್ತಿದ್ದಳು. ಸಂಬಳ ಅಂತ ಯಾರಿಗೂ ಇರಲಿಲ್ಲ. ಬಂದದ್ದೆಲ್ಲ ಅಣ್ಣನ ಕೈಗೆ ಹೋಗುತ್ತಿತ್ತು, ಬೇಕಾದವರು ಅವನನ್ನು ಕೇಳಿ ಇಸಿದುಕೊಳ್ಳುತ್ತಿದ್ದರು. ಮೂವತ್ತನಾಲ್ಕು ವರ್ಷದ ತಮ್ಮ ಒಂದು ಜೊತೆ ಚಪ್ಪಲಿ ತಗೊಳ್ಳಬೇಕಾದರೂ ಅಣ್ಣನ ಮುಂದೆ ನಿಲ್ಲಬೇಕಿತ್ತು.

ಒಂದು ಬುಧವಾರ ಬೆಳಗ್ಗೆ ತಮ್ಮ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಅಣ್ಣನ ಕಡೆ ತಿರುಗಿಸಿದ. ಆ ಸಾಫ್ಟ್‌ವೇರಿನ ಕಂಪನಿಯನ್ನು ಬೇರೆ ಯಾರೋ ಕೊಂಡುಕೊಂಡಿದ್ದರು. ಹೊಸ ಧಣಿಗಳು ಸಣ್ಣವರ ಒಪ್ಪಂದಗಳನ್ನೆಲ್ಲ ರದ್ದು ಮಾಡಿ, ಅರವತ್ತು ದಿನದ ಗಡುವು ಕೊಟ್ಟು ಪತ್ರ ಬರೆದಿದ್ದರು. ಮುಂದುವರಿಯಬೇಕಾದರೆ ಕನಿಷ್ಠ ಇಷ್ಟು ಕೊಳ್ಳಲೇಬೇಕು ಎಂದು ಕೊಟ್ಟಿದ್ದ ಮೊತ್ತ ಈಗಿನದಕ್ಕಿಂತ ಒಂಬತ್ತು ಪಟ್ಟು ಹೆಚ್ಚಿತ್ತು. ಅಣ್ಣ ಎರಡು ಸಲ ಓದಿದ. ಮುಂದಿದ್ದ ಬ್ರೆಡ್ಡು, ಚಹಾ ಹಾಗೇ ಆರಿದವು.

ಇಬ್ಬರೂ ತಿಂಡಿ ಮುಂದಿಟ್ಟುಕೊಂಡು ಯಾಕೆ ಹೀಗೆ ಕೂತಿದ್ದೀರಿ ಎಂದು ತಾಯಿ ಕೇಳಿದಾಗ, ಅಣ್ಣ ಅವಳಿಗೆ ತಿಳಿಯುವ ಹಾಗೆ ಹೇಳಿದ.

"ಅಮ್ಮಾ, ನಮ್ಮ ಹತ್ರ ಮೂರು ದೊಡ್ಡ ಕೋಣೆ ಇವೆ ಅಂತಿಟ್ಕೊ. ಒಳಗೆ ಮರೆ ಕಟ್ಟಿ ಐವತ್ತೆಂಟು ಜನಕ್ಕೆ ಬಾಡಿಗೆಗೆ ಕೊಟ್ಟಿದೀವಿ. ಆ ಮರೆ ಮಾಡಿಕೊಟ್ಟವನು ಈಗ ಒಂಬತ್ತು ಪಟ್ಟು ಕೇಳ್ತಿದಾನೆ."

"ಮರೆ ಬಿಚ್ಚಿ ಅವನ ಮುಖದ ಮೇಲೆ ಎಸೀರಿ."

"ಬಿಚ್ಚಿದ್ರೆ ಐವತ್ತೆಂಟು ಜನಾನೂ ಬೀದೀಲಿ ನಿಲ್ತಾರಮ್ಮ."

"ಅವರು ನಿಲ್ಲಲ್ಲ," ಎಂದ ತಮ್ಮ. "ಅವರಿಗೆ ಹೋಗೋಕೆ ಬೇರೆ ಜಾಗ ಇದೆ. ನಿಲ್ಲೋದು ನಾವು."

ಆ ಬೇರೆ ಜಾಗ ಯಾವುದು ಎಂಬುದು ಸಂಜೆ ಊಟಕ್ಕೆ ಕೂತಾಗ ಮಾತಿಗೆ ಬಂತು. ಎಲ್ಲೋ ದೂರದಲ್ಲಿ ಸಾವಿರಾರು ಯಂತ್ರಗಳ ಗೋದಾಮು ಕಟ್ಟಿಕೊಂಡು, ಬಳಸಿದಷ್ಟಕ್ಕೆ ಬಾಡಿಗೆ ತೆಗೆದುಕೊಳ್ಳುವ ದೊಡ್ಡ ಕಂಪನಿಗಳ ಕ್ಲೌಡ್. ನಮ್ಮ ಗಿರಾಕಿಗಳನ್ನು ನಾವೇ ಅಲ್ಲಿಗೆ ಸಾಗಿಸಿ ಏಜೆಂಟರಾಗೋಣ, ಬರುವ ಕಮಿಷನ್‌ನಲ್ಲಿ ಬದುಕೋಣ ಎಂದು ತಮ್ಮ ಹೇಳಿದ. ಅಣ್ಣನಿಗೆ ಅದು ಸೇರಲಿಲ್ಲ. ದಲ್ಲಾಳಿ ಕೆಲಸ ಮಾಡುವುದಕ್ಕೆ ನಾನು ಇಷ್ಟು ವರ್ಷ ಮಣ್ಣು ಹೊತ್ತಿಲ್ಲ ಎಂದ. ದುಡ್ಡಿಲ್ಲದೆ ಸಿಗುವ ಅಂಥದ್ದೇ ಸಾಫ್ಟ್‌ವೇರ್ ಇದೆಯಂತಲ್ಲ, ಅದಕ್ಕೆ ಬದಲಾಯಿಸೋಣ ಎಂದ. ತಮ್ಮ ಬೆರಳು ಮಡಚಿ ತೊಡಕುಗಳನ್ನು ಹೇಳಿದ: ಐವತ್ತೆಂಟನ್ನೂ ಒಂದೊಂದಾಗಿ ಬದಲಾಯಿಸಬೇಕು, ಪ್ರತಿಯೊಂದಕ್ಕೂ ಗಂಟೆಗಟ್ಟಲೆ ಕೆಲಸ ನಿಲ್ಲುತ್ತದೆ, ಡಿಸ್ಕಿನಲ್ಲಿ ಜಾಗವಿಲ್ಲ, ಮಾಡುವವನು ತಾನೊಬ್ಬ.

"ನಾನೂ ಕಲೀತೀನಿ," ಎಂದ ಅಣ್ಣ.

ನಲವತ್ತೆಂಟರ ವಯಸ್ಸಿನಲ್ಲಿ ಕಲಿಯಲು ಕೂತ. ಪುಟ್ಟಿಯ ಹಳೆಯ ನೋಟ್‌ಬುಕ್ಕಿನಲ್ಲಿ ತಮ್ಮ ಹೇಳಿದ್ದನ್ನೆಲ್ಲ ಬರೆದುಕೊಂಡ. ಮೊದಲ ವಾರ ನಾಲ್ಕು ಗಿರಾಕಿಗಳನ್ನು ಬದಲಾಯಿಸಿದರು. ಎರಡು ಸರಿಯಾಗಿ ಎದ್ದವು, ಎರಡನ್ನು ಮತ್ತೆ ಮೊದಲಿಂದ ಮಾಡಬೇಕಾಯಿತು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುವುದು ನಿಂತಿತು. ತಾಯಿ ಎರಡು ತಟ್ಟೆಗೆ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ ಪುಟ್ಟಿಯ ಕೈಲಿ ಕೆಳಗೆ ಕಳಿಸುತ್ತಿದ್ದಳು. ತಟ್ಟೆಗಳು ಅರ್ಧ ಉಂಡು ವಾಪಸು ಬರುತ್ತಿದ್ದವು.

ಅತ್ತಿಗೆಯ ಫೋನು ಹೊತ್ತು ಹುಟ್ಟುವ ಮುಂಚೆಯೇ ಬಡಿದುಕೊಳ್ಳತೊಡಗಿತು. ನಿಮ್ಮ ಸರ್ವರ್ ಯಾಕೆ ನಿಂತಿದೆ, ನಿನ್ನೆಯೂ ನಿಂತಿತ್ತು, ನಾಳೆಯೂ ನಿಲ್ಲುತ್ತದಾ? ಅವಳು ಒಂದು ಕೈಯಲ್ಲಿ ಆಲೂಗಡ್ಡೆ ತಿರುವುತ್ತ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಸಮಾಧಾನ ಹೇಳುತ್ತಿದ್ದಳು. ಮೊದಲು ಐಸ್‌ಕ್ರೀಮ್ ಗೋದಾಮಿನವರು ಬಿಟ್ಟು ಹೋದರು. ಆಮೇಲೆ ಇಬ್ಬರು ವಕೀಲರು. ಒಂದು ಔಷಧಿ ಅಂಗಡಿಯವರು ಹೋಗುವಾಗ, ನಿಮ್ಮ ಧ್ವನಿ ಕೇಳಿ ಕೇಳಿ ಅಭ್ಯಾಸ ಆಗಿತ್ತಮ್ಮ, ಬೇಜಾರಾಗುತ್ತೆ ಎಂದು ಬೇರೆ ಹೇಳಿದರು. ಮನೆಗೆ ಮೊಟ್ಟೆ ತರುವುದು ನಿಂತಿತು. ಪೇಪರ್ ನಿಂತಿತು. ಪುಟ್ಟಿ ಬಸ್ಸು ಬಿಟ್ಟು ಕಾಲೇಜಿಗೆ ನಡೆದು ಹೋಗತೊಡಗಿದಳು, ಗೆಳತಿಯರ ಜೊತೆ ನಡೆದರೆ ಚೆನ್ನಾಗಿರುತ್ತೆ ಎಂದು ಸುಳ್ಳು ಹೇಳಿದಳು.

ಒಂದು ದಿನ ಸರ್ವರ್ ಕೋಣೆಯ ಧೂಳು ಒರೆಸುವಾಗ ಅತ್ತಿಗೆ ಒಂದು ಕಿತ್ತಳೆ ಬಣ್ಣದ ದೀಪ ನೋಡಿದಳು. ಅದು ಸ್ಕ್ಯಾನ್ ಸೆಂಟರಿನ ಡಿಸ್ಕ್ ಪೆಟ್ಟಿಗೆ. ಅವರ ಚಿತ್ರಗಳು ದೊಡ್ಡವಾದ್ದರಿಂದ ಅವಕ್ಕೆಂದೇ ಬೇರೆ ಪೆಟ್ಟಿಗೆ ಇಟ್ಟಿದ್ದರು. ಗಂಡನನ್ನು ಕೇಳಿದಳು. ನಾಲ್ಕರಲ್ಲಿ ಒಂದು ಡಿಸ್ಕ್ ಕೆಟ್ಟರೆ ಏನೂ ಆಗಲ್ಲ, ಎರಡು ಕೆಟ್ಟರೆ ಮಾತ್ರ ಕಷ್ಟ, ಮುಂದಿನ ತಿಂಗಳು ಹೊಸದು ಹಾಕೋಣ ಎಂದ ಅವನು.

ನಾಲ್ಕನೆಯ ವಾರ ಟೈರ್ ಅಂಗಡಿಯವರು ಬಿಡುತ್ತೇವೆ ಎಂದು ಫೋನು ಮಾಡಿದರು. ಯಾರ ಹತ್ತಿರ ಹೋಗುತ್ತೀರಿ ಎಂದು ಅತ್ತಿಗೆ ಸುಮ್ಮನೆ ಕೇಳಿದಳು.

"ಅದೇನಮ್ಮ ಹಾಗೆ ಕೇಳ್ತೀರಿ? ನಿಮ್ಮ ಮೈದುನನೇ ಅಲ್ವಾ ಬಂದು ಕೊಟೇಷನ್ ಕೊಟ್ಟು ಹೋಗಿದ್ದು."

ಹೌದಲ್ಲ, ಮರೆತೇಬಿಟ್ಟಿದ್ದೆ ಎಂದು ಹೇಳಿ ಫೋನಿಟ್ಟಳು. ಗಂಡನಿಗೆ ಹೇಳಲಿಲ್ಲ. ಮಧ್ಯಾಹ್ನ ಮಹಡಿ ಮೇಲೆ ಬಟ್ಟೆ ಹರವುವಾಗ ತಮ್ಮನನ್ನು ಕರೆದಳು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಹದಿನಾಲ್ಕು. ಅವನ ಅಂಗಿ ಒಗೆದವಳು ಅವಳು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದವಳು ಅವಳು.

"ಟೈರ್ ಅಂಗಡಿಗೆ ಯಾಕೆ ಹೋಗಿದ್ದೆ?"

ಅವನು ಮಾತು ತೇಲಿಸಲಿಲ್ಲ. ಕ್ಲೌಡ್ ಮಾರುವ ಒಂದು ಕಂಪನಿ ತನ್ನನ್ನು ತೆಗೆದುಕೊಳ್ಳುತ್ತದೆ, ಆದರೆ ಕೈಯಲ್ಲಿ ಹತ್ತು ಗಿರಾಕಿಗಳನ್ನು ತಂದರೆ ಮಾತ್ರ ಎಂದ. ಸಂಬಳ, ವಿಮೆ, ಎರಡು ದಿನ ರಜೆ ಎಲ್ಲ ಇದೆಯಂತೆ.

"ಅಣ್ಣನಿಗೆ ಹೇಳದೆ?"

"ಹೇಳಿದ್ನಲ್ಲ ಅತ್ತಿಗೆ. ಏಜೆಂಟ್ ಆಗೋಣ ಅಂದೆ. ದಲ್ಲಾಳಿ ಅಂದ."

"ಅದು ಬೇರೆ, ಇದು ಬೇರೆ. ಅವರು ಕೆಳಗೆ ಬಗ್ಗಿ ಕೂತು ನೋಟ್‌ಬುಕ್ಕಿನಲ್ಲಿ ಬರ್ಕೊಳ್ತಿದಾರೆ, ನೀನು ಹಿಂದಿನ ಬಾಗಿಲಿಂದ ಗಿರಾಕಿಗಳನ್ನ ಹೊರಗೆ ಕಳಿಸ್ತಿದೀಯ."

"ಅವರು ಹೇಗಿದ್ರೂ ಹೋಗ್ತಾರೆ. ಇನ್ಯಾರದೋ ಹತ್ರ ಹೋಗೋ ಬದಲು ನನ್ನ ಹತ್ರ ಬರಲಿ." ಅವನು ತಗ್ಗಿದ ದನಿಯಲ್ಲಿ ಹೇಳಿದ. "ಮೂವತ್ತನಾಲ್ಕು ವರ್ಷ ಆಯ್ತು. ಹೆಣ್ಣು ತೋರಿಸೋರು ಹುಡುಗ ಏನು ಸಂಪಾದಿಸ್ತಾನೆ ಅಂದ್ರೆ ನಿಮ್ಮ ಹತ್ರ ಹೇಳೋಕೆ ಒಂದು ಉತ್ತರ ಇದೆಯಾ?"

ಅವಳು ಒದ್ದೆ ಹಾಸಿಗೆಬಟ್ಟೆಯ ಒಂದು ತುದಿ ಅವನ ಕೈಗೆ ಕೊಟ್ಟಳು, ಇಬ್ಬರೂ ಸೇರಿ ಹಿಂಡಿ ಹರವಿದರು. ಶನಿವಾರದೊಳಗೆ ಅಣ್ಣನಿಗೆ ನೀನೇ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದಳು.

ಶನಿವಾರ ಸಂಜೆ ಬಹಳ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ಕೂತರು. ಅನ್ನ, ಬೇಳೆ, ಹಿಂದಿನ ದಿನದ ಬೀನ್ಸ್. ತಮ್ಮ ತಲೆಯೆತ್ತದೆ ಹೇಳಿ ಮುಗಿಸಿದ. ತಾಯಿ ಸೌಟು ಹಿಡಿದು ನಿಂತೇ ಇದ್ದಳು. ಅಣ್ಣ ಕೂಗಾಡುತ್ತಾನೆ ಎಂದು ಪುಟ್ಟಿ ತಟ್ಟೆ ತೆಗೆದುಕೊಂಡು ಏಳಲು ಸಿದ್ಧಳಾಗಿದ್ದಳು. ಅವನು ಕೂಗಾಡಲಿಲ್ಲ.

"ಎಷ್ಟು ಜನ ಆದ್ರು?"

"ಹನ್ನೊಂದು."

"ಯಾರ್ಯಾರು?"

ತಮ್ಮ ಹೆಸರು ಹೇಳುತ್ತ ಹೋದ. ಪ್ರತಿ ಹೆಸರಿಗೂ ಅಣ್ಣ ಅನ್ನ ಕಲೆಸುವುದನ್ನು ಒಂದು ಗಳಿಗೆ ನಿಲ್ಲಿಸಿ ಮತ್ತೆ ಕಲೆಸುತ್ತಿದ್ದ. ಅವರಲ್ಲಿ ಬಹಳ ಜನರ ಮನೆಯ ಮದುವೆ, ಸಾವು ಎರಡಕ್ಕೂ ಅವನು ಹೋಗಿಬಂದಿದ್ದ.

"ನನ್ನನ್ನ ಕೇಳಿದ್ರೆ ನಾನೇ ಕೊಡ್ತಿದ್ದೆ," ಎಂದ ಕೊನೆಗೆ.

"ಕೊಡ್ತಿರ್ಲಿಲ್ಲ. ಚಪ್ಪಲಿಗೆ ಕೇಳಿದ್ರೆ ಹಳೇದನ್ನೇ ಹೊಲಿಸ್ಕೋ ಅಂದವನು ನೀನು."

"ನನ್ನ ಕಾಲಲ್ಲಿರೋದೂ ಹೊಲಿಸಿದ್ದೇ ಕಣೋ."

"ನಿನ್ನದು ನೀನು ಹೊಲಿಸ್ಕೊಂಡೆ. ನನ್ನದನ್ನ ನೀನು ಯಾಕೆ ಹೇಳ್ಬೇಕು?"

ಆಗ ತಾಯಿ ನಡುವೆ ಬಾಯಿ ಹಾಕಿದಳು. ಇಬ್ಬರನ್ನೂ ಒಂದೇ ಹೊಟ್ಟೆಯಲ್ಲಿ ಹೊತ್ತವಳು ನಾನು, ನನ್ನ ಮುಂದೆ ಪಾಲು ಮಾಡಿಕೊಳ್ಳಬೇಡಿ ಎಂದಳು. ಪಾಲು ಮಾಡಲು ಏನಿದೆಯಮ್ಮ ಎಂದು ಅಣ್ಣ ಕೈ ತೊಳೆಯಲು ಎದ್ದ. ಮರುದಿನ ಬೆಳಗ್ಗೆ ತಮ್ಮ ಒಂದು ಚೀಲ, ಒಂದು ಲ್ಯಾಪ್‌ಟಾಪು ಹಿಡಿದುಕೊಂಡು ಹೊಸ ಕಚೇರಿಯ ಹತ್ತಿರ ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಹೋದ. ತಾಯಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಬಕೆಟ್ಟು ತುಂಬಿ ಹರಿಯುತ್ತಿದ್ದರೂ ಯಾರೂ ಹೋಗಿ ಕೇಳಲಿಲ್ಲ.

ಅವನಿಲ್ಲದ ಮೇಲೆ ಅಣ್ಣ ಒಬ್ಬನೇ ನೋಟ್‌ಬುಕ್ಕು ನೋಡಿಕೊಂಡು ಕೆಲಸ ಮಾಡಿದ. ಒಂದು ವಾರದಲ್ಲಿ ಎರಡು ಗಿರಾಕಿಗಳು ಬದಲಾದವು. ಆ ವಾರದ ಕೊನೆಯ ಭಾನುವಾರ ಸ್ಕ್ಯಾನ್ ಸೆಂಟರಿಗೆ ರಜೆ, ಅವತ್ತೇ ಅದನ್ನು ಬದಲಾಯಿಸಬೇಕೆಂದು ಬೆಳಗ್ಗೆ ಆರಕ್ಕೇ ಕೆಳಗಿಳಿದ. ಹೊಸ ರೂಪದಲ್ಲಿ ಬರೆಯಲು ಜಾಗ ಸಾಲಲಿಲ್ಲ. ಇನ್ನೊಂದು ಡಿಸ್ಕಿನಲ್ಲಿ ಅದೇ ಸೆಂಟರಿನ ಬ್ಯಾಕಪ್ ಇತ್ತು. ಅಸಲು ಇದ್ದೇ ಇದೆಯಲ್ಲ, ಹೊಸ ಪ್ರತಿ ಆದ ಕೂಡಲೇ ಮತ್ತೆ ಬ್ಯಾಕಪ್ ತೆಗೆದರಾಯಿತು ಎಂದುಕೊಂಡು ಅದನ್ನು ಅಳಿಸಿ ಜಾಗ ಮಾಡಿಕೊಂಡ. ಕೆಲಸ ಶುರು ಮಾಡಿ ಮೇಲೆ ಬಂದು ಚಹಾ ಕುಡಿದ. ಸ್ನಾನ ಮಾಡಿದ. ಎಷ್ಟೋ ದಿನಗಳ ಮೇಲೆ ತಾಯಿಯ ಹತ್ತಿರ ಕೂತು ಅವಳ ಮಂಡಿನೋವಿನ ಕಥೆ ಕೇಳಿದ.

ಹನ್ನೊಂದರ ಹೊತ್ತಿಗೆ ಕೆಳಗಿನಿಂದ ಒಂದೇ ಸಮನೆ ಕೀ ಎಂಬ ಸದ್ದು ಬಂತು. ಅವನು ಮೆಟ್ಟಿಲಿಳಿದು ಹೋದ. ಸ್ವಲ್ಪ ಹೊತ್ತಾದ ಮೇಲೆ ಪುಟ್ಟಿಯನ್ನು ಕರೆದ. ಅವಳು ಹೋದಾಗ ಅಪ್ಪ ನೆಲದ ಮೇಲೆ ಕೂತಿದ್ದ. ಪೆಟ್ಟಿಗೆಯಲ್ಲಿ ಎರಡು ಕಿತ್ತಳೆ ದೀಪಗಳು ಉರಿಯುತ್ತಿದ್ದವು.

"ಪುಟ್ಟಿ, ಎಷ್ಟು ದೀಪ ಇದೆ ನೋಡಿ ಹೇಳು."

"ಎರಡು ಅಪ್ಪ."

"ಸರಿಯಾಗಿ ನೋಡು."

ಅವಳು ಹತ್ತಿರ ಹೋಗಿ ನೋಡಿದಳು. ಎರಡೇ. ಗಂಟೆಗಟ್ಟಲೆ ಒಂದೇ ಸಮನೆ ಓದಿ ಬರೆದ ಹೊರೆಗೆ ಇನ್ನೊಂದು ಡಿಸ್ಕೂ ಸತ್ತಿತ್ತು. ಅಸಲು ಹೋಗಿತ್ತು, ಬ್ಯಾಕಪ್ಪನ್ನು ಅವನೇ ಅಳಿಸಿದ್ದ, ಹೊಸ ಪ್ರತಿ ಅರ್ಧಕ್ಕೆ ನಿಂತಿತ್ತು. ನಾಲ್ಕು ವರ್ಷದ ಸ್ಕ್ಯಾನುಗಳು, ವರದಿಗಳು, ಸಾವಿರಾರು ರೋಗಿಗಳವು. ಅದರಲ್ಲಿ ಒಬ್ಬನದು ಅವನಿಗೆ ಗೊತ್ತಿತ್ತು. ಮಂಗಳವಾರ ಆ ಮನುಷ್ಯನ ತಲೆಯ ಆಪರೇಷನ್ನು, ಹೋದ ವರ್ಷದ ಸ್ಕ್ಯಾನನ್ನು ಈಗಿನದರ ಜೊತೆ ಇಟ್ಟು ನೋಡಬೇಕು, ಭಾನುವಾರದ ಕೆಲಸ ಸೋಮವಾರಕ್ಕೆ ಮುಂದುವರಿಸಬೇಡಿ ಎಂದು ಸೆಂಟರಿನವರು ಫೋನಿನಲ್ಲಿ ಹೇಳಿದ್ದರು.

ತಮ್ಮನಿಗೆ ಫೋನು ಮಾಡಿ ಎಂದಳು ಅತ್ತಿಗೆ. ಅಣ್ಣ ಬೇಡ ಎಂದ. ಮತ್ತೆ ಹೇಳಿದಳು. ನಾನು ಸತ್ತರೂ ಬೇಡ ಎಂದ. ಅವಳು ಮೇಲೆ ಹೋಗಿ, ಒಲೆ ಆರಿಸಿ, ಅಡುಗೆಮನೆಯಿಂದಲೇ ಫೋನು ಮಾಡಿದಳು.

ತಮ್ಮ ಅರ್ಧ ಗಂಟೆಯಲ್ಲಿ ಬಂದ. ಅಣ್ಣನ ಮುಖ ನೋಡದೆ ಪೆಟ್ಟಿಗೆಯ ಮುಂದೆ ಕೂತ. ಡಿಸ್ಕುಗಳನ್ನು ತೆಗೆದು ಮತ್ತೆ ಹಾಕಿದ, ಏನೇನೋ ಕಮಾಂಡ್ ಕೊಟ್ಟು ನೋಡಿದ. ತಾಯಿ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಒಂದು ಗಂಟೆಯಾದ ಮೇಲೆ ಅವನು ಕೈ ಬಿಟ್ಟು ಹಿಂದಕ್ಕೆ ಒರಗಿದ.

"ಒಂದು ಕಾಪಿ ಇದೆ," ಎಂದ.

ಅಣ್ಣ ತಲೆಯೆತ್ತಿದ. "ಎಲ್ಲಿ?"

"ನಮ್ಮ ಕಂಪನಿಯ ಕ್ಲೌಡಲ್ಲಿ. ಹನ್ನೊಂದು ದಿನದ ಹಿಂದಿನದು."

"ಅಲ್ಲಿಗೆ ಹೇಗೆ ಹೋಯ್ತು?"

"ನಾನೇ ಕಳಿಸಿದ್ದೆ. ಇಷ್ಟು ದೊಡ್ಡದನ್ನ ಸಾಗಿಸೋಕಾಗುತ್ತೆ ಅಂತ ಅವರಿಗೆ ತೋರಿಸ್ಬೇಕಿತ್ತು."

"ಸೆಂಟರಿನ ಡಾಕ್ಟರನ್ನ ಕೇಳಿದ್ಯಾ?"

"ಇಲ್ಲ."

"ನನ್ನನ್ನ?"

ಆ ದಿನಗಳಲ್ಲಿ ತಮ್ಮ ಇದೇ ಕೋಣೆಯಲ್ಲಿ, ಅಣ್ಣನ ಪಕ್ಕದ ಕುರ್ಚಿಯಲ್ಲೇ ಕೂತು ಹೊಸ ಸಾಫ್ಟ್‌ವೇರ್ ಹೇಳಿಕೊಡುತ್ತಿದ್ದ. ಅಣ್ಣನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಗಂಟಲಿಂದ ಕೆಮ್ಮಿನಂಥದೊಂದು ಸದ್ದು ಬಂತು. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಪುಟ್ಟಿಗೆ ಗೊತ್ತಾಗಲಿಲ್ಲ.

"ಇಳಿಸ್ಕೋ ಅದನ್ನ," ಎಂದ. "ನಾಳೆ ಬೆಳಗಿನ ಹೊತ್ತಿಗೆ ಅವರಿಗೆ ಸಿಗ್ಬೇಕು."

ಸೋಮವಾರ ಎಂಟಕ್ಕೆ ಅಣ್ಣ, ತಮ್ಮ, ಅತ್ತಿಗೆ ಮೂವರೂ ಸ್ಕ್ಯಾನ್ ಸೆಂಟರಿಗೆ ಹೋದರು. ಅರವತ್ತರ ಸಮೀಪದ ಡಾಕ್ಟರಮ್ಮ ಕೋಟು ಹಾಕಿಕೊಳ್ಳುತ್ತಲೇ ಎಲ್ಲ ಕೇಳಿದರು. ಡಿಸ್ಕ್ ಕೆಟ್ಟದ್ದು, ಬ್ಯಾಕಪ್ ತಾನೇ ಅಳಿಸಿದ್ದು, ಹೊರಗಿನ ಕ್ಲೌಡಿನಲ್ಲಿದ್ದ ಕಾಪಿಯಿಂದ ಹಳೆಯದೆಲ್ಲ ವಾಪಸು ಸಿಕ್ಕಿದ್ದು, ಹನ್ನೊಂದು ದಿನದ ದಾಖಲೆ ಕಳೆದಿರುವುದು ಯಾವುದನ್ನೂ ಅಣ್ಣ ಮುಚ್ಚಿಡಲಿಲ್ಲ. ಸ್ಕ್ಯಾನ್ ಮಾಡುವ ಯಂತ್ರದ ಸ್ವಂತ ನೆನಪಿನಲ್ಲಿ ಎರಡು ವಾರದ ಚಿತ್ರಗಳಿರುತ್ತವೆ, ರಸೀತಿ ಪುಸ್ತಕ ನೋಡಿ ಹೆಸರುಗಳನ್ನು ನಾವೇ ಕೂತು ಮತ್ತೆ ತುಂಬಿಸಿಕೊಡುತ್ತೇವೆ ಎಂದ. ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು.

"ಹೊರಗಿನ ಈ ಕಾಪಿ ಯಾರು ಇಡಿಸಿದ್ದು? ನನ್ನನ್ನ ಯಾರೂ ಕೇಳಿಲ್ಲ."

ತಮ್ಮ ನೆಲ ನೋಡಿದ. ರೋಗಿಗಳ ದಾಖಲೆಯನ್ನು ಕೇಳದೆ ಹೊರಗೆ ಸಾಗಿಸಿದ್ದು ಗೊತ್ತಾದರೆ ಅವನ ಹೊಸ ಕೆಲಸ ಆ ದಿನವೇ ಹೋಗುತ್ತಿತ್ತು. ಪೊಲೀಸರವರೆಗೂ ಹೋಗಬಹುದಿತ್ತು.

"ನಾನು," ಎಂದ ಅಣ್ಣ. "ನಾನೇ ಇಡೋ ಅಂದಿದ್ದೆ. ಕೇಳಬೇಕಾಗಿತ್ತು, ಕೇಳಲಿಲ್ಲ. ತಪ್ಪಾಯ್ತು."

ಅತ್ತಿಗೆಯ ಕೈಯಲ್ಲಿದ್ದ ರಸೀತಿ ಪುಸ್ತಕ ಕೆಳಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡಳು.

ಮೂರು ದಿನ ಅವರು ಅಲ್ಲಿನ ಉಗ್ರಾಣದ ಕೋಣೆಯಲ್ಲಿ ಕೂತು ದಾಖಲೆ ತುಂಬಿಸಿದರು. ಕಾಲೇಜು ಬಿಟ್ಟು ಪುಟ್ಟಿಯೂ ಬಂದಳು. ಅವಳು ರಸೀತಿಯ ಹೆಸರು ಓದುವಳು, ಅತ್ತಿಗೆ ಬರೆಯುವಳು, ಅಣ್ಣ ಚಿತ್ರ ಹುಡುಕಿ ಜೋಡಿಸುವನು. ತಮ್ಮ ಕಚೇರಿ ಮುಗಿಸಿ ಬಂದು ಎಲ್ಲವನ್ನೂ ಒಮ್ಮೆ ತಾಳೆ ನೋಡುತ್ತಿದ್ದ. ಅತ್ತಿಗೆ ಅವನಿಗೆ ಬೇಕಾದ ಕಾಗದ ಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಆಪರೇಷನ್ನಿನ ಮನುಷ್ಯನ ಹಳೆಯ ಸ್ಕ್ಯಾನು ಸೋಮವಾರ ಮಧ್ಯಾಹ್ನವೇ ಸಿಕ್ಕಿತು. ಆ ಮನುಷ್ಯನ ಹೆಂಡತಿ ಲಕೋಟೆ ಎದೆಗೊತ್ತಿಕೊಂಡು ಬಂದು, ನೀವೇ ಅಂತಲ್ಲ ಹುಡುಕಿಕೊಟ್ಟವರು, ನಿಮಗೆ ಒಳ್ಳೆಯದಾಗಲಿ ಎಂದು ಅಣ್ಣನಿಗೆ ಕೈ ಮುಗಿದಳು. ಅವನು ಎದ್ದು ನಿಂತ. ಕೂತುಕೊಳ್ಳಿ ಎಂದು ತನ್ನ ಕುರ್ಚಿ ಕೊಟ್ಟ.

ಬುಧವಾರ ಸಂಜೆ ಕೆಲಸ ಮುಗಿಯಿತು. ಇನ್ನು ಮುಂದೆ ಎಲ್ಲವೂ ಆ ಕ್ಲೌಡಿನಲ್ಲೇ ಇರಲಿ, ನಿಮ್ಮ ತಮ್ಮನ ಕಂಪನಿಯ ಜೊತೆಗೇ ಕಾಗದ ಮಾಡಿಕೊಳ್ಳುತ್ತೇನೆ ಎಂದರು ಡಾಕ್ಟರಮ್ಮ. ಅಣ್ಣ ಹೂಂ ಎಂದ.

ಮನೆಗೆ ನಡೆದು ಬರುವಾಗ ಅತ್ತಿಗೆ ಮೂರು ದಿನ ಬಾಯಲ್ಲಿಟ್ಟುಕೊಂಡದ್ದನ್ನು ಹೇಳಿದಳು.

"ಅವನು ಕದ್ದಿದ್ದನ್ನ ನೀವು ಮೈಮೇಲೆ ಹಾಕ್ಕೊಂಡ್ರಿ. ನಾಳೆ ಇದೇ ಊರಲ್ಲಿ ನಿಮ್ಮನ್ನ ಯಾರು ನಂಬ್ತಾರೆ?"

"ನಿನ್ನೆವರೆಗೂ ನಂಬಿದವರದನ್ನೇ ಕಳೆದೆನಲ್ಲ."

"ಅದು ಅಚಾತುರ್ಯ. ಇದು ಕಳ್ಳತನ. ಎರಡೂ ಒಂದೇನಾ?"

"ಅಲ್ಲ." ಅವನು ರಸ್ತೆ ದಾಟಲು ನಿಂತ. "ನಿಜ ಹೇಳಿದ್ರೆ ಇಬ್ಬರೂ ಮನೇಲಿ ಕೂರ್ತಿದ್ವಿ. ಒಬ್ಬನಾದ್ರೂ ಸಂಬಳ ತರಲಿ ಕಣೆ. ಅವನಿಗೆ ನಾನು ಹದಿನಾಲ್ಕು ವರ್ಷ ಅದನ್ನ ಕೊಟ್ಟಿಲ್ಲ."

ಅವಳು ಅದಕ್ಕೆ ಒಪ್ಪಲಿಲ್ಲ. ಮನೆ ಬರುವ ತನಕ ಅವನಿಗಿಂತ ಎರಡು ಹೆಜ್ಜೆ ಮುಂದೆ ನಡೆದಳು.

ಡಿಸ್ಕ್ ಕೆಟ್ಟ ಸುದ್ದಿ ಸೆಂಟರಿನ ಸಿಬ್ಬಂದಿಯ ಬಾಯಿಂದ ಊರೆಲ್ಲ ಹರಡಿತು. ಒಂದೇ ವಾರದಲ್ಲಿ ಹದಿನೆಂಟು ಗಿರಾಕಿಗಳು ಹೋದರು. ಅವರನ್ನು ತಡೆಯಲು ಅತ್ತಿಗೆ ಮಾತು ಹುಡುಕಲಿಲ್ಲ, ಆಗಲಿ ಎಂದು ಬರೆದುಕೊಂಡಳು. ಗಡುವಿಗೆ ಇನ್ನು ಎರಡು ವಾರವೂ ಇರಲಿಲ್ಲ. ಒಂದು ಬೆಳಗ್ಗೆ ಅಣ್ಣ ಚಹಾ ಕುಡಿಯುತ್ತ, ಉಳಿದವರನ್ನೂ ತಮ್ಮನಿಗೇ ಒಪ್ಪಿಸಿಬಿಡುತ್ತೇನೆ ಎಂದ. ತಾಯಿ ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದಳು. ಹಳೆಯ ಯಂತ್ರ ಕೊಳ್ಳುವವನು ಬಂದು ಟಾರ್ಚು ಬಿಟ್ಟು ನೋಡಿದ. ಈಗ ಎಲ್ಲ ಊರಲ್ಲೂ ಇದೇ ಕಥೆ, ಗೋದಾಮಿನಲ್ಲಿ ಇಡಲು ಜಾಗವಿಲ್ಲ, ತೂಕದ ಲೆಕ್ಕದಲ್ಲಾದರೆ ತಗೊಳ್ಳುತ್ತೇನೆ ಎಂದ. ಅಣ್ಣ ಬೆಲೆ ಕೂಡ ಕೇಳಲಿಲ್ಲ.

ತಮ್ಮ ಒಂದು ಸಂಜೆ ಗೇಟಿನವರೆಗೆ ಬಂದು ಅತ್ತಿಗೆಯನ್ನು ಕರೆದ. ಅಣ್ಣನನ್ನು ತೆಗೆದುಕೊಳ್ಳಿ ಎಂದು ತನ್ನ ಮ್ಯಾನೇಜರನ್ನು ಕೇಳಿದ್ದನಂತೆ. ಸರ್ಟಿಫಿಕೇಟ್ ಏನಿದೆ ಎಂದರಂತೆ, ವಯಸ್ಸು ಕೇಳಿದ ಮೇಲೆ ಮತ್ತೆ ಮಾತೇ ಎತ್ತಲಿಲ್ಲವಂತೆ. ಇದನ್ನು ಅಣ್ಣನಿಗೆ ಹೇಳಬೇಡಿ ಎಂದ. ಅವನು ಸೊರಗಿಹೋಗಿದ್ದ, ಕಣ್ಣ ಕೆಳಗೆ ಕಪ್ಪಾಗಿತ್ತು. ಊಟ ಮಾಡಿ ಹೋಗು ಎನ್ನಬೇಕೆಂದು ಅತ್ತಿಗೆಗೆ ಬಾಯಿ ತನಕ ಬಂತು. ಅವಳು ಹೇಳಲಿಲ್ಲ. ಒಳಗಿಂದ ತಾಯಿ, ಯಾರೇ ಅದು ಎಂದು ಕೂಗಿದಾಗ, ಯಾರೂ ಇಲ್ಲ ಎಂದಳು.

ಮನೆಯಲ್ಲಿ ಮೊದಲು ಕೆಲಸ ಸಿಕ್ಕಿದ್ದು ಅತ್ತಿಗೆಗೆ. ಒಂದು ಕೊರಿಯರ್ ಕಂಪನಿಯವರಿಗೆ ಫೋನೆತ್ತಿ ದೂರು ಕೇಳುವವರು ಬೇಕಾಗಿದ್ದರು. ಅನುಭವ ಎಷ್ಟಿದೆ ಎಂದರು. ಹದಿನೈದು ವರ್ಷ ಎಂದಳು. ಹಿಂದಿನ ಸಂಬಳ ಎಷ್ಟು ಎಂದಾಗ ಮನೆಯದೇ ಕೆಲಸ ಎಂದಳು. ಮರುದಿನದಿಂದ ಬನ್ನಿ ಎಂದರು. ಅವಳು ಹೋಗುವಾಗ ಅಣ್ಣ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದ. ನೀರು ಎಷ್ಟಿಡಬೇಕೆಂದು ಅಮ್ಮನನ್ನು ಎರಡು ಸಲ ಕೇಳಿದ.

ಕೊನೆಗೆ ಒಬ್ಬ ಗಿರಾಕಿ ಉಳಿದರು.

ಅವರದು ರಟ್ಟಿನ ಪೆಟ್ಟಿಗೆಯ ಕಾರ್ಖಾನೆ. ಅಣ್ಣ ಈ ಕೆಲಸ ಹಿಡಿದಾಗ ಮೊದಲು ನಂಬಿ ಬಂದವರು ಅವರು. ಸುದ್ದಿ ಅವರಿಗೂ ಮುಟ್ಟಿತ್ತು, ಆದರೂ ಫೋನು ಮಾಡಿರಲಿಲ್ಲ. ಅಣ್ಣ ತಮ್ಮನ ಕಂಪನಿಯ ಕಾಗದ ಹಿಡಿದುಕೊಂಡು ತಾನೇ ಹೋದ. ಒಳಗೆ ಹಸಿ ಅಂಟಿನ ವಾಸನೆ. ಸೂರಿನವರೆಗೆ ಪೆಟ್ಟಿಗೆಗಳನ್ನು ಒಟ್ಟಿದ್ದರು. ಗಾಜಿನ ಮರೆಯ ಹಿಂದೆ ಒಡತಿ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದರು. ಅವನು ಹೇಳಿದ್ದನ್ನೆಲ್ಲ ಕೇಳಿ ಕಾಗದ ತಿರುವಿ ನೋಡಿದರು.

"ಇವರನ್ನ ನಂಬಬಹುದೇನ್ರೀ?"

"ನನ್ನ ತಮ್ಮ ಇದಾನೆ ಅಲ್ಲಿ."

"ಅದಕ್ಕೇ ಕೇಳ್ತಿದೀನಿ. ಏನೇನೋ ಕಿವಿಗೆ ಬಿತ್ತು."

ಅಣ್ಣ ಕಾಗದವನ್ನು ಅವರ ಕೈ ಹತ್ತಿರ ಸರಿಸಿದ.

"ನಂಬಿ. ಅವನ ಕೈಯಲ್ಲಿ ಏನೂ ಕಳೆದುಹೋಗಲ್ಲ."

ಒಡತಿ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತ, ಮುಂದೆ ನೀವೇನು ಮಾಡುತ್ತೀರಿ ಎಂದು ಕೇಳಿದರು. ಏನಾದರೂ ನೋಡಬೇಕು ಎಂದ ಅವನು. ಎದ್ದವನು ಮತ್ತೆ ಕೂತ.

"ಇಲ್ಲಿ ಏನಾದ್ರೂ ಇದೆಯಾ ಅಮ್ಮ?"

ಅವರು ಕನ್ನಡಕ ತೆಗೆದು ಅವನನ್ನು ನೋಡಿದರು. ಕಂಪ್ಯೂಟರಿನ ಕೆಲಸ ಇಲ್ಲಿ ಇನ್ನೇನಿದೆ, ಈಗಷ್ಟೇ ಸಹಿ ಹಾಕಿದೆನಲ್ಲ ಎಂದರು. ಲಾರಿಗೆ ಪೆಟ್ಟಿಗೆ ಏರಿಸುವಾಗ ಎಣಿಸಿ ಚೀಟಿ ಬರೆಯುವವನು ಕೆಲಸ ಬಿಟ್ಟಿದ್ದಾನೆ, ಆದರೆ ದಿನವಿಡೀ ನಿಂತೇ ಇರಬೇಕು, ನಿಮ್ಮಂಥವರಿಗೆ ಅದನ್ನು ಹೇಗೆ ಹೇಳುವುದು ಎಂದು ಮಾತು ಅಲ್ಲಿಗೇ ಬಿಟ್ಟರು.

"ಲಾರಿ ಎಷ್ಟು ಗಂಟೆಗೆ ಬರುತ್ತೆ?"

"ಏಳಕ್ಕೆ."

"ಆರೂವರೆಗೇ ಬಂದಿರ್ತೀನಿ," ಎಂದು ಅಣ್ಣ ಎದ್ದ. ಸಹಿ ಹಾಕಿದ ಕಾಗದವನ್ನು ಮೇಜಿನ ಮೇಲೇ ಬಿಟ್ಟು ಬಾಗಿಲ ತನಕ ಹೋದ. ಅವರು ಕರೆದು, ಇದನ್ನು ತಗೊಂಡು ಹೋಗಿ ನಿಮ್ಮ ತಮ್ಮನಿಗೆ ಕೊಡಿ ಎಂದರು. ಅವನು ಹಿಂದಕ್ಕೆ ಬಂದು ಇಸಿದುಕೊಂಡ.